ಎಸ್ಟೀಮ್ ಹೀಟರ್: ಹೋಸ್ ಸುಡುತ್ತದೆ, ಗಾಳಿ ಮಾತ್ರ ತಣ್ಣಗೆ

ನನ್ನ ಮಾರುತಿ ಎಸ್ಟೀಮ್ ಕಾರಿನ ಹೀಟರಿನಿಂದ ಕೊನೆಗೂ ಬಿಸಿ ಗಾಳಿ ಬಂತು. ಮಧ್ಯದ ವೆಂಟ್‌ಗೆ ಥರ್ಮಾಮೀಟರ್ ಕಡ್ಡಿ ಸಿಕ್ಕಿಸಿದರೆ 56 ಡಿಗ್ರಿ ತೋರಿಸುತ್ತಿದೆ, ಹೊರಗೆ 17. ರಿಪೇರಿಗೆ ಮುಂಚೆ ಅದೇ ವೆಂಟ್‌ನಲ್ಲಿ 29 ದಾಟಿರಲಿಲ್ಲ.

ಮೂಡಿಗೆರೆ ಕಡೆ ಕಾರಿಗೆ ಹೀಟರ್ ಯಾಕೆ, ನೀನೇನು ಶಿಮ್ಲಾದಲ್ಲಿದ್ದೀಯಾ ಅಂತ ಕೇಳುವವರು ಜಾಸ್ತಿ. ಚಳಿಗಲ್ಲ ಮಾರಾಯ್ರೆ, ಮಳೆಗೆ. ಜುಲೈನಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮುಂದಿನ ಗಾಜು ಒಳಗಿನಿಂದ ಮಂಜು ಹಿಡಿಯುತ್ತದೆ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಸ್ಟೀರಿಂಗ್, ಎದುರಿಗೆ ಬಸ್ಸು. ಎ.ಸಿ. ಇದ್ದವರು ಗುಂಡಿ ಒತ್ತಿ ಸುಮ್ಮನಿರುತ್ತಾರೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನನ್ನ ಗಾಡಿಯ ಹಿಂದಿನ ಯಜಮಾನರು ಎ.ಸಿ. ಕಂಪ್ರೆಸರ್ ಬಿಚ್ಚಿ ಮಾರಿ, ಬ್ರಾಕೆಟ್ ಮಾತ್ರ ನೆನಪಿಗೆ ಬಿಟ್ಟಿದ್ದಾರೆ. ಹಾಗಾಗಿ ಗಾಜನ್ನು ಬೆಚ್ಚಗೆ ಮಾಡುವುದೊಂದೇ ದಾರಿ. ಆಲೂಗಡ್ಡೆ ತಿಕ್ಕು, ಬೀಡಿ ಪುಡಿ ತಿಕ್ಕು ಅಂದವರ ಮಾತೂ ಕೇಳಿ ಆಯ್ತು. ಗಾಜು ಬೀಡಿ ವಾಸನೆ ಹೊಡೆಯಿತು, ಮಂಜು ಹೋಗಲಿಲ್ಲ.

ಮಾಮೂಲಿ ಕೆಲಸಗಳ ಬಗ್ಗೆ ಬರೆಯುವುದಿಲ್ಲ. ಕೂಲೆಂಟ್ ಬದಲು, ಹೋಸ್, ಕ್ಲಿಪ್, ರೇಡಿಯೇಟರ್ ಕ್ಯಾಪ್, ಏರ್ ಬಿಡಿಸುವುದು, ಎಲ್ಲ ಮುಗಿದಿದೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಬಗ್ಗೆ ಮಾತ್ರ ಒಂದು ಮಾತು. ಹೌಸಿಂಗ್ ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ, ಖಾಲಿ ಗೂಡು. "ವಾಲ್ವ್ ತೆಗೆದುಬಿಡಿ ಸಾರ್, ಗಾಡಿ ಹೀಟೇ ಆಗಲ್ಲ" ಅನ್ನುವುದು ನಮ್ಮ ಕಡೆಯ ಮೆಕ್ಯಾನಿಕ್‌ಗಳ ಅಚ್ಚುಮೆಚ್ಚಿನ ಸಲಹೆ ಅಲ್ವಾ. ಹೌದು, ಹೀಟ್ ಆಗಲ್ಲ. ಬೆಚ್ಚಗೂ ಆಗಲ್ಲ. ಇಂಜಿನ್ ಸ್ಟಾರ್ಟ್ ಆದ ಕ್ಷಣದಿಂದಲೇ ನೀರು ರೇಡಿಯೇಟರ್ ಸುತ್ತುತ್ತಿರುತ್ತದೆ. ಮಲೆನಾಡಿನ ಬೆಳಗಿನಲ್ಲಿ ಇಂಜಿನ್ ತನ್ನ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಕುಡಿಯುತ್ತದೆ, ಆಯಿಲ್‌ನಲ್ಲಿ ಸೇರಿದ ನೀರಿನಂಶ ಆವಿಯಾಗಿ ಹೋಗುವುದಿಲ್ಲ. 82 ಡಿಗ್ರಿಗೆ ತೆರೆಯುವ ಹೊಸ ವಾಲ್ವ್ ತರಿಸಿದೆ. ಕಳಿಸಿದ ಮಹಾನುಭಾವ ಜೊತೆಗಿಟ್ಟ ಗ್ಯಾಸ್ಕೆಟ್ ಯಾವ ಗಾಡಿಯದೋ ಏನೋ, ಎರಡು ಬೋಲ್ಟ್ ತೂತೂ ಬೇರೆ ಬೇರೆ ದಿಕ್ಕು ನೋಡುತ್ತಿದ್ದವು. ಗ್ಯಾಸ್ಕೆಟ್ ಹಾಳೆ ತಂದು ನಾನೇ ಕತ್ತರಿಸಿದೆ. ಟೆಂಪರೇಚರ್ ಮೀಟರಿನ ಮುಳ್ಳು ಈಗ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಹೀಟರ್ ಕೋರ್ (ಇಂಜಿನ್ನಿನ ಬಿಸಿನೀರು ಹರಿದು ಒಳಬರುವ ಗಾಳಿಯನ್ನು ಕಾಯಿಸುವ ಭಾಗ) ಕೂಡ ಕಟ್ಟಿಕೊಂಡಿತ್ತು. ಫೈರ್‌ವಾಲ್ (ಇಂಜಿನ್ ಮತ್ತು ನಾವು ಕೂರುವ ಜಾಗದ ನಡುವಿನ ತಗಡು) ಹತ್ತಿರ ಎರಡೂ ಹೋಸ್ ಬಿಚ್ಚಿ, ಓವರ್‌ಹೆಡ್ ಟ್ಯಾಂಕಿನ ಪೈಪಿನಿಂದ ಉಲ್ಟಾ ನೀರು ಬಿಟ್ಟೆ. ಮೊದಲು ತುಕ್ಕಿನ ನೀರು, ಆಮೇಲೆ ಹಳದಿ ಕೆಸರು. ಮೂಸಿದರೆ ಅರಿಶಿನ! ರೇಡಿಯೇಟರ್ ಲೀಕ್ ಆದಾಗ ಯಾರೋ ಅಡುಗೆಮನೆ ಡಬ್ಬಿಯೇ ಸುರಿದಿದ್ದಾರೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಊರು ಮುಟ್ಟಲು ಅದು ಸರಿ, ಆದರೆ ಊರು ಮುಟ್ಟಿದ ಮೇಲೆ ತೊಳೆಯಬೇಕು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ಕೋರ್‌ನಲ್ಲಿ ನೆನೆಸಿ, ಮತ್ತೆ ತೊಳೆದು, ಹೋಸ್ ಹಾಕಿದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದರೆ ಒಳಹೋಗುವ ಹೋಸ್ 81, ಹೊರಬರುವುದು 77. ನೀರು ಚೆನ್ನಾಗಿ ಓಡುತ್ತಿದೆ. ಒಳಗೆ ಕೂತು ಲಿವರ್ ಪೂರ್ತಿ ಕೆಂಪಿಗೆ ಎಳೆದು ಬ್ಲೋವರ್ ನಾಲ್ಕಕ್ಕೆ ಹಾಕಿದರೆ ಮುಖಕ್ಕೆ ಬಂದದ್ದು ತಣ್ಣನೆ ಗಾಳಿ. ಬೈಗುಳ ಇಲ್ಲಿ ಬರೆಯುವುದಿಲ್ಲ.

ಕೋರ್ ಹೋಗಿದೆ, ಹೊಸದು ಹಾಕಿ ಅಂದರು ಕೇಳಿದವರೆಲ್ಲ. ನನಗೆ ನಂಬಿಕೆ ಬರಲಿಲ್ಲ. ಕೋರ್ ಅಂದರೆ ಸಣ್ಣ ರೇಡಿಯೇಟರ್. ಅದರ ಮೈಮೇಲೆ ಗಾಳಿ ಹಾದುಹೋದರೆ ನೀರಿನ ಬಿಸಿ ಇಳಿಯಲೇಬೇಕು. ಹಾಗಾದರೆ ಬ್ಲೋವರ್ ಆಫ್ ಇದ್ದಾಗ ಹೊರಬರುವ ಹೋಸ್ ಎಷ್ಟಿದೆ, ಫುಲ್ ಹಾಕಿದಾಗ ಎಷ್ಟಿದೆ ಅಂತ ನೋಡಿದರೆ ಸಾಕಲ್ವಾ? ನೋಡಿದೆ. ಆಫ್ ಇದ್ದಾಗ 77. ಫುಲ್ ಹಾಕಿ ಐದು ನಿಮಿಷ ಬಿಟ್ಟರೂ 76. ಅಂದರೆ ಗಾಳಿ ಕೋರ್ ಮುಟ್ಟುತ್ತಲೇ ಇಲ್ಲ, ಪಕ್ಕದಿಂದ ನುಸುಳಿ ಬರುತ್ತಿದೆ. ಸಮಸ್ಯೆ ನೀರಿನದ್ದಲ್ಲ, ಗಾಳಿಯದ್ದು. ಹೀಟರ್ ಅಂದ ತಕ್ಷಣ ಎಲ್ಲರೂ ಬಾನೆಟ್ ಎತ್ತುತ್ತಾರೆ, ಡ್ಯಾಶ್‌ಬೋರ್ಡ್ ಕೆಳಗೆ ಯಾರೂ ತಲೆ ಹಾಕುವುದಿಲ್ಲ. (ಗನ್ ಬಳಸುವವರು ಕಪ್ಪು ರಬ್ಬರ್ ಹೋಸ್ ಮೇಲೆ ಹಿಡಿಯಿರಿ. ಹೊಳೆಯುವ ಲೋಹದ ಪೈಪ್ ಮೇಲೆ ಹಿಡಿದರೆ ಬಾಯಿಗೆ ಬಂದ ನಂಬರ್ ಹೇಳುತ್ತದೆ. ಬೇಕೆಂದರೆ ಪೈಪಿಗೆ ಇನ್ಸುಲೇಷನ್ ಟೇಪ್ ಸುತ್ತಿ.)

ಗ್ಲೋವ್ ಬಾಕ್ಸ್ ಬಿಚ್ಚಿ, ಸೀಟಿನ ಮೇಲೆ ಕಾಲು, ಕಾರ್ಪೆಟ್ ಮೇಲೆ ತಲೆ ಇಟ್ಟು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನೋಡಿದೆ. ಮಗನಿಗೆ ಲಿವರ್ ಎಳೆಯಲು ಹೇಳಿದೆ. ಲಿವರ್ ಮೇಲೆ ನುಣ್ಣಗೆ ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ, ಕೈಗೆ ಏನೂ ಅನುಮಾನ ಬರುವುದಿಲ್ಲ. ಕೆಳಗೆ ನೋಡಿದರೆ ಲಿವರಿನಿಂದ ಫ್ಲ್ಯಾಪಿಗೆ (ಗಾಳಿಯನ್ನು ಕೋರ್ ಕಡೆಗೋ ಪಕ್ಕಕ್ಕೋ ತಿರುಗಿಸುವ ಹಲಗೆ) ಹೋಗುವ ಕೇಬಲ್ಲಿನ ಒಳತಂತಿಯ ಜೊತೆ ಹೊರಕವಚವೂ ಜಾರಿಕೊಂಡು ಬರುತ್ತಿದೆ! ಕವಚವನ್ನು ಹೀಟರ್ ಬಾಕ್ಸಿಗೆ ಹಿಡಿದಿಡುವ ಕ್ಲಿಪ್ ಇಲ್ಲವೇ ಇಲ್ಲ. ಕವಚ ಗಟ್ಟಿಯಾಗಿ ನಿಂತರೆ ತಾನೇ ತಂತಿ ತಳ್ಳುವುದು? ಫ್ಲ್ಯಾಪಿನ ತೋಳು ಬೆರಳಗಲ ಅಲ್ಲಾಡಿ ಸುಮ್ಮನಾಗುತ್ತಿತ್ತು.

ಕ್ಲಿಪ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಮೊದಲ ಅಂಗಡಿಯವನು ಕೇಬಲ್ ಅನ್ನುವ ಪದ ಮಾತ್ರ ಕೇಳಿಸಿಕೊಂಡು ಓಮ್ನಿಯ ಆಕ್ಸಿಲರೇಟರ್ ಕೇಬಲ್ ಕೊಟ್ಟ. ಎರಡನೆಯವನು "ಹೀಟರ್ರಾ? ಬೆಂಗಳೂರಲ್ಲಾ?" ಅಂತ ಪಕ್ಕದವನನ್ನೂ ಕರೆದು ನಗಿಸಿದ. ಮೂರನೆಯವನು ಸೈಕಲ್ ಬ್ರೇಕ್ ಕೇಬಲ್ ಹಾಕಿಸಿ ಅಂದ. ಅದು ಹೆಣೆದ ತಂತಿ, ಎಳೆಯುತ್ತದೆ, ತಳ್ಳಲು ಹೋದರೆ ಬಾಗಿ ಕೂರುತ್ತದೆ. ಹೀಟರಿನದ್ದು ಒಂದೇ ಎಳೆಯ ಗಟ್ಟಿ ತಂತಿ, ಎರಡೂ ಕೆಲಸ ಮಾಡಬೇಕು. ಕೊನೆಗೆ ವೈರಿಂಗ್ ಸಾಮಾನಿನ ಅಂಗಡಿಯ ಪಿ ಕ್ಲ್ಯಾಂಪ್ (ವೈರ್ ಹಿಡಿದಿಡುವ P ಆಕಾರದ ಪಟ್ಟಿ) ತಂದು, ಕವಚಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಬಿಗಿದು ಸ್ಕ್ರೂ ಹಾಕಿದೆ. ತೋಳು ಈಗ ತುದಿಯಿಂದ ತುದಿಗೆ ಹೋಗುತ್ತದೆ. ವೆಂಟ್‌ನಲ್ಲಿ 38.

38 ಅಂದರೆ ಏನೂ ಅಲ್ಲ. ಗಾಜಿನ ಮೂಲೆ ಮಾತ್ರ ತಿಳಿಯಾಯಿತು.

ಮಧ್ಯೆ ಒಂದು ವಿಷಯ. ಜೆ.ಸಿ. ರಸ್ತೆಯಿಂದ ವಾಪಸ್ ಬರುವಾಗ ಗುಜರಿಯಲ್ಲಿ ಹಳೇ ವೈಪರ್ ಮೋಟರ್ ಮತ್ತು 12 ವೋಲ್ಟಿನ ಬ್ಲೋವರ್ ಜೊತೆಯಾಗಿ ಸಿಕ್ಕವು. ವೈಪರ್ ಮೋಟರ್ ನಿಮಿಷಕ್ಕೆ ಸುಮಾರು 45 ಸುತ್ತು ಹಾಕುತ್ತದೆ, ಕಾಫಿ ಬೀಜ ಹುರಿಯುವ ಡ್ರಮ್ಮಿಗೆ ಹೇಳಿ ಮಾಡಿಸಿದ ವೇಗ. ಬೀಜ 200 ಡಿಗ್ರಿ ಆಸುಪಾಸು ಚಟಚಟ ಅನ್ನುತ್ತದೆ. ಆಮೇಲೆ ಬೇಗ ಆರಿಸದಿದ್ದರೆ ತನ್ನ ಬಿಸಿಗೇ ಇನ್ನೂ ಹುರಿದು ಕಪ್ಪಾಗುತ್ತದೆ. ತೂತಿನ ತಟ್ಟೆಯ ಕೆಳಗೆ ಈ ಬ್ಲೋವರ್ ಇಟ್ಟು ಗಾಳಿ ಕೆಳಕ್ಕೆ ಎಳೆದರೆ ಮೂರ್ನಾಲ್ಕು ನಿಮಿಷದ ಕೆಲಸ. ಡ್ರಮ್ಮಿಗೆ ಹಳೇ ಸ್ಟೀಲ್ ಹಾಲಿನ ಕ್ಯಾನ್ ನೋಡಿಟ್ಟಿದ್ದೇನೆ. ಮನೆಯವಳು ಕ್ಯಾನ್ ಎಲ್ಲಿಟ್ಟಿದ್ದಾಳೆ ಅನ್ನುವುದು ಮಾತ್ರ ಗೊತ್ತಾಗುತ್ತಿಲ್ಲ. ಬೇಕೆಂದೇ ಬಚ್ಚಿಟ್ಟಿರಬೇಕು.

ಸರಿ, 38. ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾವನ್ನು ಕಾಲಿನ ಬಳಿಯ ಡಕ್ಟ್ ಬಾಯಿಂದ ಮೇಲಕ್ಕೆ ತೂರಿಸಿದೆ. ಫ್ಲ್ಯಾಪ್ ಕಂಡಿತು. ಬೋಳು ಹಲಗೆ. ಅಂಚಿಗೆ ಅಂಟಿಸಿದ್ದ ಫೋಮ್ ಪುಡಿಯಾಗಿ ಹೋಗಿದೆ, ಒಂದು ಮೂಲೆಯಲ್ಲಿ ಮಾತ್ರ ಕಪ್ಪು ಜೋಲು ನೇತಾಡುತ್ತಿದೆ. ಫ್ಲ್ಯಾಪ್ ಮುಚ್ಚಿದಾಗಲೂ ಸುತ್ತ ಸಂದು. ತಣ್ಣನೆ ಗಾಳಿ ಸುಲಭದ ದಾರಿ ಬಿಟ್ಟು ಕೋರಿನ ಸಣ್ಣ ರೆಕ್ಕೆಗಳ ನಡುವೆ ಯಾಕೆ ನುಗ್ಗುತ್ತದೆ? ಒಂದು ವರ್ಷದಿಂದ ವೆಂಟ್‌ನಿಂದ ಕಪ್ಪು ಚೂರುಗಳು ಹಾರಿಬಂದು ಡ್ಯಾಶ್‌ಬೋರ್ಡ್ ಮೇಲೆ ಬೀಳುತ್ತಿದ್ದವು. ಬೆರಳಿಂದ ಒತ್ತಿದರೆ ಟಾರಿನಂತೆ ಮೆತ್ತುತ್ತಿದ್ದವು. ಇಲಿ ಹಿಕ್ಕೆ ಅಂತ ಮನೆಯವಳು ಕಾರಿಗೇ ಇಲಿ ಬೋನು ಇಡಿಸಿದ್ದಳು.

ಡ್ಯಾಶ್‌ಬೋರ್ಡ್ ಬಿಚ್ಚಿದ ಕಥೆ ಬೇಡ, ಬಿಚ್ಚಿದವರಿಗೆ ಗೊತ್ತು. ಬಾಕ್ಸ್ ಎರಡು ಹೋಳು ಮಾಡಿ, ಫ್ಲ್ಯಾಪಿನ ಹಳೇ ಗಮ್ಮನ್ನು ಸೀಮೆಎಣ್ಣೆ ಹಾಕಿ ಕೆರೆದೆ. ಫೋಮ್ ಮಾರುವವನು "ಹೀಟ್ ಪ್ರೂಫ್, ಗ್ಯಾರಂಟಿ" ಅಂದಿದ್ದ. ಬಿಸಿನೀರಿಗೆ ಅದ್ದಿದರೆ ನೀರು ಕುಡಿದು ಊದಿಕೊಂಡಿತು, ಶುದ್ಧ ಹಾಸಿಗೆ ಸ್ಪಂಜು. ಮಳೆಗಾಲದಲ್ಲಿ ಅದು ಒಳಗೇ ಕೊಳೆತು ನಾರುವುದು ಖಂಡಿತ. ಸರಿಯಾದದ್ದು ಸಿಕ್ಕಿದ್ದು ಎ.ಸಿ. ಡಕ್ಟ್ ಕೆಲಸ ಮಾಡುವವರ ಹತ್ತಿರ: ಕಪ್ಪು ನೈಟ್ರೈಲ್ ರಬ್ಬರ್ ಶೀಟ್. ನೀರು ಹೀರುವುದಿಲ್ಲ, ಬಿಸಿಗೂ ಜಗ್ಗುವುದಿಲ್ಲ. 9 ಮಿಲಿಮೀಟರ್ ಹಾಕಿದರೆ ಫ್ಲ್ಯಾಪ್ ಮುಚ್ಚಲಿಲ್ಲ, 6 ಸರಿಹೋಯಿತು. ಗಮ್ ಒಂದನ್ನೇ ನಂಬದೆ ವಾಷರ್ ಇಟ್ಟು ನಾಲ್ಕು ಮೂಲೆಗೂ ಸಣ್ಣ ಪಾಪ್ ರಿವೆಟ್ ಹೊಡೆದೆ.

ಬಾಕ್ಸ್ ವಾಪಸ್ ಕೂರಿಸುವ ಮುಂಚೆ ಇದೊಂದು ಮಾಡಿ: ಕತ್ತಲೆ ಕೋಣೆಯಲ್ಲಿ ಬಾಕ್ಸಿನೊಳಗೆ ಟಾರ್ಚ್ ಇಟ್ಟು ಫ್ಲ್ಯಾಪ್ ಮುಚ್ಚಿ. ಬೆಳಕು ಎಲ್ಲಿ ಸೋರುತ್ತದೋ ಗಾಳಿಯೂ ಅಲ್ಲೇ ಸೋರುತ್ತದೆ. ನನ್ನದರಲ್ಲಿ ತೋಳಿನ ಕಡೆ ಕೂದಲೆಳೆಯಷ್ಟು ಗೆರೆ ಕಂಡಿತು, ಅಲ್ಲಿಗೆ ಇನ್ನೊಂದು ಪಟ್ಟಿ ಅಂಟಿಸಿದೆ. ಈಗ ಬ್ಲೋವರ್ ಫುಲ್ ಹಾಕಿದರೆ ಹೊರಬರುವ ಹೋಸ್ 64ಕ್ಕೆ ಇಳಿಯುತ್ತದೆ. ಆ ಇಳಿತ ನೋಡಿ ಆದ ಖುಷಿ ವೆಂಟಿನ 56 ನೋಡಿದಾಗಲೂ ಆಗಲಿಲ್ಲ.

ಬಾಕಿ ಏನೇನಿದೆ ಅಂದರೆ, ಹೊರಗಾಳಿ ಒಳಗಾಳಿ ಬದಲಿಸುವ ಫ್ಲ್ಯಾಪಿನ ಫೋಮ್ ಕೂಡ ಇದೇ ವಯಸ್ಸಿನದ್ದು. ಅದು ಗ್ಲೋವ್ ಬಾಕ್ಸ್ ಹಿಂದಿನಿಂದಲೇ ಕೈಗೆ ಸಿಗುತ್ತದೆ, ಮಳೆಗೆ ಮುಂಚೆ ಮುಗಿಸಬೇಕು. ಮಂಜು ಬಿಡಿಸುವಾಗ ಹೊರಗಾಳಿಯೇ ಬೇಕು, ಒಳಗಿನದ್ದನ್ನೇ ಸುತ್ತಿಸಿದರೆ ನಮ್ಮ ಉಸಿರಿನ ತೇವ ಮತ್ತೆ ಗಾಜಿಗೇ ಬರುತ್ತದೆ. ಬ್ಲೋವರ್ ಒಂದು ಮತ್ತು ಎರಡರಲ್ಲಿ ಸತ್ತಿದೆ, ಅದರ ವೇಗ ಇಳಿಸುವ ರೆಸಿಸ್ಟರ್ ಸುಟ್ಟಿದೆ, ಅದು ದೊಡ್ಡ ವಿಷಯವಲ್ಲ. ಪಿ ಕ್ಲ್ಯಾಂಪ್ ಕೆಲಸ ಮಾಡುತ್ತಿದ್ದರೂ ಕಣ್ಣಿಗೆ ಕಿರಿಕಿರಿ. ಯಾರಾದರೂ ಎಸ್ಟೀಮ್ ಬಿಚ್ಚಿ ಗುಜರಿಗೆ ಹಾಕುವವರಿದ್ದರೆ ಹೀಟರ್ ಬಾಕ್ಸಿನ ಪಕ್ಕದ ಆ ಪುಟ್ಟ ಕೇಬಲ್ ಕ್ಲಿಪ್ ತೆಗೆದಿಡಿ. ಬದಲಿಗೆ ಅರ್ಧ ಕಿಲೋ ಹುರಿದ ಕಾಫಿ ಬೀಜ ಕೊಡುತ್ತೇನೆ, ಹಾಲಿನ ಕ್ಯಾನ್ ಸಿಕ್ಕರೆ.