ಅರಿಸ್ಟಾಟಲ್ ಚಾರ್ಟ್, ಮೂರನೇ ವಾರ: ಡಾಲ್ಫಿನ್‌ನ ಎಲ್ಲಿ ಅಂಟಿಸ್ಲಿ?

ಹೋದ್ ವಾರ ಡ್ರಾಯಿಂಗ್ ಶೀಟ್ ಮಧ್ಯೆ ಗೆರೆ ಎಳೆದು ಈ ಕಡೆ ನೆಲ, ಆ ಕಡೆ ನೀರು ಅಂತ ಬರೆದು ಅರ್ಧ ಕೆಲ್ಸ ಮುಗೀತು ಅಂತ ಬೀಗ್ತಿದ್ದೆ. ಈ ಭಾನುವಾರ ಪ್ರಾಣಿಗಳ ಚೀಟಿ ಅಂಟಿಸೋಕೆ ಕೂತ್ರೆ ಮೊದಲ್ನೇ ಚೀಟಿಗೇ ಎಡವಟ್ಟು.

ಹೊಸಬ್ರಿಗೆ ಒಂದ್ಮಾತು, ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ಗ್ರೀಸ್‌ನ ಲೆಸ್ಬೋಸ್ ದ್ವೀಪದಲ್ಲಿ ಸ್ವಲ್ಪ ಕಾಲ ಇದ್ದ, ಅಲ್ಲಿ ಪಿರ್ರಾ ಅನ್ನೋ ಊರಿನ ಹಿನ್ನೀರು, ಈಗ ಕಲ್ಲೋನಿ ಕೊಲ್ಲಿ ಅಂತಾರಲ್ಲ ಅದೇ, ಅಲ್ಲಿನ ಜೀವಿಗಳ ಬಗ್ಗೆ ಸಿಕ್ಕಾಪಟ್ಟೆ ಬರೆದಿದಾನೆ. ಯಾವ ಪ್ರಾಣಿ ನೆಲದ್ದು, ಯಾವುದು ನೀರಿನದು ಅನ್ನೋ ಅವನ ಲೆಕ್ಕಾಚಾರನ ಒಂದೇ ಶೀಟಲ್ಲಿ ತರೋದು ನನ್ ಪ್ಲಾನ್.

ಡಾಲ್ಫಿನ್ ಬಾಳೋದೆಲ್ಲ ನೀರಲ್ಲೇ, ಆದ್ರೆ ಶ್ವಾಸಕೋಶ ಇದೆ, ಮರಿಗೆ ಹಾಲು ಕುಡಿಸುತ್ತೆ, ಬಲೆಗೆ ಸಿಕ್ಕಿ ಮೇಲೆ ಬರೋಕಾಗ್ದಿದ್ರೆ ಉಸಿರುಗಟ್ಟಿ ಸಾಯುತ್ತೆ, ಮಲಗಿದಾಗ ಗೊರಕೆ ಹೊಡೆಯೋದನ್ನ ಕೇಳಿದೋರು ಇದಾರೆ ಅಂತಾನೂ ಬರೀತಾನೆ ಪುಣ್ಯಾತ್ಮ! ಇದನ್ನ ಬರೀ ನೀರಿನದು ಅನ್ನೋಕೂ ಆಗಲ್ಲ, ನೆಲದ್ದು ಅನ್ನೋಕೂ ಆಗಲ್ಲ ಅಂತ ಅವನೇ ಒಪ್ಕೋತಾನೆ, ಇನ್ ನಾನ್ಯಾವ ಲೆಕ್ಕ.

ಸೋ ಗೆರೆ ಅಳಿಸಿದೆ (ಪೇಪರ್ ಸ್ವಲ್ಪ ಹರೀತು). ಈಗ ಪ್ರತಿ ಚೀಟಿಗೂ ಮೂರು ಚುಕ್ಕೆ, ಉಸಿರೆಲ್ಲಿ, ಊಟವೆಲ್ಲಿ, ಹೆರಿಗೆಯೆಲ್ಲಿ. ನೀರಾದ್ರೆ ನೀಲಿ, ನೆಲ ಅಥ್ವಾ ಗಾಳಿ ಆದ್ರೆ ಕಂದು. ಡಾಲ್ಫಿನ್ ಕಂದು-ನೀಲಿ-ನೀಲಿ. ಸೀಲ್ ಕಂದು-ನೀಲಿ-ಕಂದು, ಯಾಕಂದ್ರೆ ಮರಿ ಹಾಕೋದು ದಡದಲ್ಲಿ. ಆಮೇಲೆ ಮೊಸಳೆಗೆ ಹಾಕಿದ್ರೆ ಅದಕ್ಕೂ ಕಂದು-ನೀಲಿ-ಕಂದು, ಸಮುದ್ರದ ಆಮೆಗೂ ಅದೇ! ಸೀಲು ಮೊಸಳೆ ಅಕ್ಕಪಕ್ಕ ಕೂತಿದ್ದು ನೋಡಿ ನಗು ಬಂತು, ಆದ್ರೆ ಬದುಕೋ ರೀತಿ ನೋಡಿದ್ರೆ ತಪ್ಪೇನೂ ಇಲ್ಲ.

ನನ್ ಫೇವರಿಟ್ ಮಾತ್ರ ಅರಿಸ್ಟಾಟಲ್ ಕೊರ್ಡಿಲೋಸ್ ಅಂತ ಕರೆಯೋ ಜೀವಿ. ಕಿವಿರು ಇದೆ, ಜೊತೆಗೆ ಕಾಲೂ ಇದೆ, ಬಾಲ ನೋಡಿದ್ರೆ ಥೇಟ್ ಕ್ಯಾಟ್‌ಫಿಶ್, ಮೇವಿಗೆ ಮಾತ್ರ ನೆಲಕ್ಕೆ ಹತ್ತುತ್ತೆ. ಇಂಥದ್ದು ಇದೊಂದೇ ನೋಡಿರೋದು ಅಂತಾನೆ. ನ್ಯೂಟ್ (ಕಪ್ಪೆ ಥರ ಉಭಯಚರಿ, ಆದ್ರೆ ಬಾಲ ಇರುತ್ತೆ) ಮರಿ ಇರ್ಬೇಕು ಅಂತ ಈಗಿನೋರ ಊಹೆ. ನನ್ ಶೀಟಲ್ಲಿ ನೀಲಿ-ಕಂದು ಅಂತ ಶುರುವಾಗಿದ್ದು ಇದೊಂದೇ, ಡಾಲ್ಫಿನ್‌ಗೆ ಪೂರಾ ಉಲ್ಟಾ.

ಮೂಲೆಯಲ್ಲಿ ಅರಿಸ್ಟಾಟಲ್‌ಗಿಂತ ಹಿಂದಿನ ಗ್ರೀಕ್ ತತ್ವಜ್ಞಾನಿ ಎಂಪೆಡೋಕ್ಲಿಸ್‌ಗೂ ಜಾಗ ಬಿಟ್ಟಿದೀನಿ. ಮೈಯಲ್ಲಿ ಕಾವು ಜಾಸ್ತಿ ಇರೋವು ತಂಪಿಗೆ ಅಂತ ನೀರಿಗಿಳಿದ್ವು ಅಂದಿದ್ನಂತೆ, ಅರಿಸ್ಟಾಟಲ್ ಅದನ್ನ ಸುತಾರಾಂ ಒಪ್ಪಲ್ಲ. ಕಂದು ಬಣ್ಣ ಖಾಲಿ, ಕೊರ್ಡಿಲೋಸ್ ಕಾಲು ಇನ್ನೂ ಪೆನ್ಸಿಲ್ಲಲ್ಲೇ ಇದೆ.