ಇ ತಂತಿಯೊಳಗೇ ಇದ್ದ ಅಲೆ: ಟ್ಯೂನರ್ ಇಲ್ಲದೆ ಬಾಸ್ ಶ್ರುತಿ, ಆರನೇ ವಾರ

ಸಿಕ್ಕಿತು! ಮೂರು ವಾರದಿಂದ ತಲೆ ತಿನ್ನುತ್ತಿದ್ದ ಆ ಅಲೆ ಎಲ್ಲಿಂದ ಬರುತ್ತಿತ್ತು ಅಂತ ನಿನ್ನೆ ರಾತ್ರಿ ಗೊತ್ತಾಯಿತು. ಅಲೆ ಅಂದರೆ, ಎರಡು ಸ್ವರ ಒಂದಕ್ಕೊಂದು ಸ್ವಲ್ಪವೇ ತಪ್ಪಿದ್ದಾಗ ದನಿ ಏರಿ ಇಳಿದು ಕೇಳುತ್ತದಲ್ಲ, ಅದು. ಇಷ್ಟು ದಿನ ಅದನ್ನು ನನ್ನ ಬಾಸ್ ಗಿಟಾರಿನ ಇ ಮತ್ತು ಎ ತಂತಿಗಳ ನಡುವೆ ಹುಡುಕುತ್ತಿದ್ದೆ. ಅದು ಅಲ್ಲಿರಲೇ ಇಲ್ಲ. ಇ ತಂತಿಯೊಳಗೇ ಕೂತಿತ್ತು.

ಈ ಕೆಲಸಕ್ಕೆ ಕೈ ಹಾಕಿದ್ದು ಗಣೇಶನ ಹಬ್ಬದ ಒಂದು ಆರ್ಕೆಸ್ಟ್ರಾ ಮುಗಿದ ಮೇಲೆ. ಪೆಂಡಾಲ್ ಹಿಂದೆ ಜನರೇಟರ್, ಪಕ್ಕದಲ್ಲೇ ತಮಟೆ. ಹೆಡ್‌ಸ್ಟಾಕ್‌ಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಮರದ ನಡುಕವನ್ನು ಓದುತ್ತದೆ ಅಲ್ವಾ? ಹಲಗೆ ಸ್ಟೇಜಿನ ನಡುಕ ಯಾವುದು, ನನ್ನ ಇ ತಂತಿಯ ನಡುಕ ಯಾವುದು ಅಂತ ಅದಕ್ಕೆ ತಿಳಿಯಲೇ ಇಲ್ಲ. ಒಮ್ಮೆ ಇ ಅಂದಿತು, ಒಮ್ಮೆ ಎಫ್ ಅಂದಿತು, ಆಮೇಲೆ ಏನೂ ತೋರಿಸಲಿಲ್ಲ. ಕೀಬೋರ್ಡಿನವರು ಪಾಪ ಒಂದು ಎ ಒತ್ತಿ ಹಿಡಿದರು. ಅದೊಂದನ್ನು ಕೇಳಿ ನಾಲ್ಕೂ ತಂತಿ ಸೇರಿಸಲು ನನಗೆ ಬರಲಿಲ್ಲ. ಅವತ್ತು ಇಡೀ ಕಾರ್ಯಕ್ರಮ ಬಾಸ್ ಒಂದು ಕೂದಲೆಳೆ ಕೆಳಗೇ ಇತ್ತು. ಮುಂದೆ ಕೂತವರಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಗೊತ್ತಿತ್ತು. ಮಾರನೇ ದಿನವೇ ಟ್ಯೂನರನ್ನು ಡ್ರಾಯರಿನೊಳಗೆ ಇಟ್ಟೆ.

ಮೊದಲು ಬೇಕಾಗಿದ್ದು ನಂಬಬಹುದಾದ ಒಂದು ಸ್ವರ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಶ್ರುತಿಕವೆ ಅಂತ ಓದಿದ್ದೆವಲ್ಲ, ಅದೇ ಟ್ಯೂನಿಂಗ್ ಫೋರ್ಕ್. 440 ಹರ್ಟ್ಜ್‌ನದೇ ಬೇಕು ಅಂತ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದೆ. ಪ್ಯಾಕೆಟ್ ಬಿಚ್ಚಿದರೆ 512. ಕೇಳಿದ್ದಕ್ಕೆ "ಎರಡೂ ಒಂದೇ ಸಾರ್, ಸೌಂಡ್ ಬರುತ್ತಲ್ಲ" ಅಂದರು ಅಂಗಡಿಯವರು. ಒಂದೇ ಅಲ್ಲ. 512 ಅನ್ನುವುದು ಲ್ಯಾಬಿನ ಸಿ. 256ರ ದುಪ್ಪಟ್ಟು, ಲೆಕ್ಕಕ್ಕೆ ಸಲೀಸು ಅಂತ ಇಟ್ಟುಕೊಂಡದ್ದು. ಎ ಸ್ವರ 440 ಆದರೆ ಕೀಬೋರ್ಡಿನ ಸಿ 523.25ಕ್ಕೆ ಬರುತ್ತದೆ. ನಡುವೆ ಸುಮಾರು 38 ಸೆಂಟ್ ಅಂತರ. ಬಾಸಿನ ಕತ್ತಿನ ಮೇಲಿನ ಒಂದು ಲೋಹದ ಪಟ್ಟಿಯಿಂದ, ಅಂದರೆ ಫ್ರೆಟ್ಟಿನಿಂದ, ಮುಂದಿನದಕ್ಕೆ ನೂರು ಸೆಂಟ್. ಹಾಗಾಗಿ ಇದು ಒಂದು ಫ್ರೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ವಾಪಸ್ ಕಳಿಸಿ ಹನ್ನೆರಡು ದಿನ ಕಾದೆ. ಕೊರಿಯರ್ ಖರ್ಚೂ ನನ್ನ ತಲೆ ಮೇಲೆ. ಎರಡನೇ ಸಲ 440 ಬಂತು, ಆದರೆ ಅಲ್ಯೂಮಿನಿಯಂ. ಕೊನೆಗೆ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರು ತಮ್ಮ ಪೆಟ್ಟಿಗೆಯಿಂದ ಹಳೆಯ ಉಕ್ಕಿನ ಫೋರ್ಕ್ ತೆಗೆದು ಕೈಗಿಟ್ಟರು. ದುಡ್ಡು ತಗೊಳ್ಳಲಿಲ್ಲ. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು.

ಉಕ್ಕಿನದೇ ಯಾಕೆ ಬೇಕು ಅಂದರೆ, ತಂತಿಯ ನಡುಕವನ್ನು ಕರೆಂಟಾಗಿ ಮಾಡಿ ಆಂಪ್‌ಗೆ ಕಳಿಸುವ ಬಾಸಿನ ಪಿಕಪ್‌ಗೆ ಅದೂ ಒಂದು ತಂತಿಯೇ. ಫೋರ್ಕನ್ನು ಮಂಡಿಗೆ ತಟ್ಟಿ, ಅದುರುವ ಕವಲನ್ನು ಪಿಕಪ್ ಹತ್ತಿರ ಹಿಡಿದು ನೋಡಿ. ಆಂಪ್‌ನಿಂದ 440 ನೇರವಾಗಿ ಕೇಳುತ್ತದೆ! ಅಯಸ್ಕಾಂತದ ಮುಂದೆ ಉಕ್ಕು ಅದುರಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ, ಅಷ್ಟೇ ವಿಷಯ. ಅಲ್ಯೂಮಿನಿಯಂ ಫೋರ್ಕ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹಾಗಾಗಿ ಅದು ಅಲ್ಲಿ ಮೂಗ. ಫೋರ್ಕ್ ಮತ್ತು ತಂತಿ ಎರಡೂ ಒಂದೇ ಸ್ಪೀಕರಿನಿಂದ ಬಂದಾಗ ಅವುಗಳ ನಡುವಿನ ಅಲೆ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಅಂದರೆ, ಮೊದಲ ಸಲ ಕೇಳಿದಾಗ ಮೈ ಜುಂ ಅಂದಿತು.

ಐದನೇ ಫ್ರೆಟ್ ಒತ್ತಿ ಪಕ್ಕದ ತಂತಿಗೆ ಹೋಲಿಸುವುದು ನಮಗೆಲ್ಲ ಗೊತ್ತು. ಗಿಟಾರಿನಲ್ಲಿ ಅದು ಸಾಕು. ಬಾಸಿನಲ್ಲಿ ಯಾಕೆ ಸಾಲದು ಅಂತ ಕೂತು ಲೆಕ್ಕ ಹಾಕಿದೆ. ಖಾಲಿ ಎ ತಂತಿ 55 ಹರ್ಟ್ಜ್. ಅಲ್ಲಿ ಒಂದು ಸೆಂಟ್ ತಪ್ಪಿದ್ದರೆ ಎರಡು ಸ್ವರಗಳ ನಡುವೆ ಒಂದು ಅಲೆ ಪೂರ್ತಿಯಾಗಲು ಸುಮಾರು 31 ಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ ತಂತಿಯ ದನಿಯೇ ಸತ್ತಿರುತ್ತದೆ. ಅದೇ ಒಂದು ಸೆಂಟ್ ತಪ್ಪನ್ನು 440ರಲ್ಲಿ ಕೇಳಿದರೆ ನಾಲ್ಕು ಸೆಕೆಂಡಿಗೆ ಒಂದು ಅಲೆ ಬರುತ್ತದೆ. ತಪ್ಪು ಅಷ್ಟೇ, ಕೇಳುವ ಜಾಗ ಬೇರೆ. ಕಿವಿ ಮಂದ ಅಂತ ನಾನು ಬೇಜಾರು ಮಾಡಿಕೊಂಡಿದ್ದು ಸುಮ್ನೆ. ತಳದಲ್ಲಿ ಕೇಳುವಂಥದ್ದು ಏನೂ ಇರಲೇ ಇಲ್ಲ.

ಅದಕ್ಕೇ ಹಾರ್ಮೋನಿಕ್, ಅಂದರೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಮೇಲಿನ ಸ್ವರ. ಎ ತಂತಿಯನ್ನು ಐದನೇ ಫ್ರೆಟ್ ಮೇಲೆ ಮುಟ್ಟಿ ಬಿಟ್ಟರೆ 220 ಬರುತ್ತದೆ, ಅದರ ಜೊತೆಗೆ 440 ಕೂಡ ಸಣ್ಣಗೆ ಬರುತ್ತದೆ. ಟೋನ್ ನಾಬ್ ಪೂರ್ತಿ ತೆರೆದಿರಬೇಕು. ನೇರವಾಗಿ 440 ಬೇಕಾದರೆ ಎರಡು ಮತ್ತು ಮೂರನೇ ಫ್ರೆಟ್ ನಡುವೆ, ಎರಡನ್ನು ದಾಟಿ ಮೂರನೇ ಒಂದು ಭಾಗದಷ್ಟು ಮುಂದೆ ಮುಟ್ಟಿ. ಎರಡು ದಿನ ಸತಾಯಿಸುತ್ತದೆ, ಆಮೇಲೆ ಬೆರಳೇ ಜಾಗ ಹುಡುಕಿಕೊಳ್ಳುತ್ತದೆ. ಎ ಕೂತ ಮೇಲೆ ಇ ತಂತಿಯ ಐದನೇ ಫ್ರೆಟ್ ಹಾರ್ಮೋನಿಕ್‌ಗೆ ಎ ತಂತಿಯ ಏಳನೆಯದನ್ನು ಹೋಲಿಸುವುದು, ಎರಡೂ ಒಂದೇ ಸ್ವರ. ಹೀಗೇ ಎ‑ಡಿ, ಡಿ‑ಜಿ. ಇಷ್ಟರವರೆಗೆ ಯಾವ ತೊಂದರೆಯೂ ಇರಲಿಲ್ಲ. ಎ, ಡಿ, ಜಿ ಮೂರೂ ಎರಡನೇ ವಾರದಲ್ಲೇ ಕೈಗೆ ಬಂದವು.

ಇ ಮಾತ್ರ ಬಗ್ಗಲಿಲ್ಲ.

ಎರಡು ಹಾರ್ಮೋನಿಕ್ ಒಟ್ಟಿಗೆ ಬಿಡುತ್ತೇನೆ. ವ್ವಾ‑ವ್ವಾ‑ವ್ವಾ ಅಂತ ಅಲೆ. ಇ ತಂತಿಯ ಗಿಯರ್ ನಿಧಾನ ತಿರುಗಿಸುತ್ತೇನೆ. ಅಲೆ ನಿಧಾನವಾಗುತ್ತದೆ, ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ, ಸೆಕೆಂಡಿಗೆ ಒಂದರ ಲೆಕ್ಕಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಮುಂದೆ ತಿರುಗಿಸಿದರೆ ಮತ್ತೆ ಜೋರಾಗುತ್ತದೆ. ಹಿಂದೆ ಬಂದರೂ ಅದೇ ಕತೆ. ನಡುವೆ ಮೌನದ ಜಾಗವೇ ಇಲ್ಲ.

ಮೊದಲು ತಂತಿಯ ಮೇಲೆ ಅನುಮಾನ ಬಂತು. ಹಳೆಯ ತಂತಿಯಲ್ಲಿ ಬೆವರು, ಕೊಳೆ ಕೂತು ಒಂದು ಕಡೆ ಭಾರ, ಒಂದು ಕಡೆ ಹಗುರ ಆಗುತ್ತದೆ. ಆಗ ಹಾರ್ಮೋನಿಕ್‌ಗಳೂ ಸುಳ್ಳು ಹೇಳುತ್ತವೆ. 45‑105 ದಪ್ಪದ ಹೊಸ ಸೆಟ್ ತರಿಸಿದೆ. ಬಂದದ್ದು 32 ಇಂಚಿನ ಬಾಸಿಗೆ ಮಾಡಿದ್ದು. ನನ್ನದು 34. ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಗೆ ನಟ್ ಅನ್ನುತ್ತಾರೆ. ಇ ತಂತಿಯ ತೆಳುವಾದ ತುದಿ ನಟ್‌ಗಿಂತ ಮೊದಲೇ ಶುರುವಾಗಿ ನಟ್ ಮೇಲೇ ಕೂತುಬಿಟ್ಟಿತು. ಪ್ಯಾಕೆಟ್ ಒಡೆದರೆ ವಾಪಸ್ ಇಲ್ಲವಂತೆ! ಒಡೆಯದೆ ಉದ್ದ ಅಳೆಯುವುದು ಹೇಗೆ? ಪ್ಯಾಕೆಟ್ ಮೇಲೆ ಅಳತೆ ದೊಡ್ಡದಾಗಿ ಬರೆಯಿರಿ ಅಂತ ತಂತಿ ಮಾರುವವರನ್ನೆಲ್ಲ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಇನ್ನೊಂದು ಸೆಟ್ ಬಂದು, ಅದನ್ನು ಹಾಕಿ, ಎರಡು ದಿನ ಎಳೆದು ಬಿಟ್ಟು ಹದ ಮಾಡಿದ ಮೇಲೂ ಅಲೆ ಹಾಗೇ ಇತ್ತು.

ಆಮೇಲೆ ನಟ್ ಕಚ್ಚುತ್ತಿರಬಹುದು ಅಂತ ಪೆನ್ಸಿಲ್ ಸೀಸದ ಪುಡಿ ಉಜ್ಜಿದೆ. ಕೆಳತುದಿಯಲ್ಲಿ ತಂತಿ ಕೂರುವ ಸ್ಯಾಡಲ್ ಮೇಲೆ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ಚೂಪಾಗಿ ಮಡಿಸಿದೆ. ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿಯಾಗಿ ಬೀಳುವಂತೆ ಸ್ಯಾಡಲ್ ಸರಿಸುವ ಇಂಟೊನೇಶನ್ ಕೆಲಸವನ್ನೂ ಮತ್ತೆ ಮಾಡಿದೆ. ಒಂದು ವಾರ ಇದರಲ್ಲೇ ಹೋಯಿತು.

ಸುಳಿವು ಕೊಟ್ಟಿದ್ದು ದೊಡ್ಡಮ್ಮ. ಮೈಸೂರಿನಲ್ಲಿ ಅವರ ಮನೆ ಮಹಡಿಯ ಮೇಲೇ ನಮ್ಮ ವಾಸ. ಸಂಗೀತ ಹೇಳಿಕೊಡುತ್ತಾರೆ, ದಿನಾ ಬೆಳಿಗ್ಗೆ ತಂಬೂರಿ ಶ್ರುತಿ ಮಾಡದೆ ಬಾಯಿ ತೆರೆಯುವುದಿಲ್ಲ. ನಿನ್ನೆ ಸಂಜೆ ಮೆಟ್ಟಿಲು ಹತ್ತಿ ಬಂದರು.

"ಏನೋ ಅದು, ಒಂದು ಗಂಟೆಯಿಂದ ಅದನ್ನೇ ಅಳಿಸ್ತಾ ಇದ್ದೀಯ?"

"ಈ ಎರಡು ತಂತಿ ಸೇರ್ತಾನೇ ಇಲ್ಲ ದೊಡ್ಡಮ್ಮ. ನೀವೇ ಕೇಳಿ."

ಕೇಳಿದರು. ತಲೆ ಸ್ವಲ್ಪ ಓರೆ ಮಾಡಿ, ಕಣ್ಣು ಮುಚ್ಚಿ. ಆಮೇಲೆ ಅಂದರು: "ಎರಡರ ಮಾತು ಆಮೇಲೆ. ದಪ್ಪದ್ದು ಒಂದನ್ನೇ ಮೀಟು. ಮಿಕ್ಕಿದ್ದರ ಮೇಲೆ ಕೈ ಇಡು."

ಮೀಟಿದೆ. ಬೇರೆ ಮೂರೂ ತಂತಿಯ ಮೇಲೆ ಅಂಗೈ ಇತ್ತು. ಇ ಒಂದೇ ಅದುರುತ್ತಿತ್ತು. ವ್ವಾ... ವ್ವಾ... ವ್ವಾ... ಸೆಕೆಂಡಿಗೆ ಒಂದು.

"ಅದಕ್ಕೆ ಅದೇ ಸೇರ್ತಾ ಇಲ್ಲವಲ್ಲೋ. ಇನ್ನು ಪಕ್ಕದ್ದರ ಜೊತೆ ಹೇಗೆ ಸೇರತ್ತೆ?"

ಅವರು ತಂಬೂರಿ ಶ್ರುತಿ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮೊದಲು ಒಂದೊಂದೇ ತಂತಿ. ಬಿರಡೆ ತಿರುಗಿಸಿ ಹತ್ತಿರ ತರುತ್ತಾರೆ. ಆಮೇಲೆ ಕುದುರೆಯ ಮೇಲೆ ತಂತಿಯ ಕೆಳಗಿರುವ ಹತ್ತಿ ದಾರವನ್ನು ಉಗುರಿನಿಂದ ಎಳ್ಳಿನಷ್ಟು ಆಚೆ, ಎಳ್ಳಿನಷ್ಟು ಈಚೆ. ಒಂದು ಕಡೆ ಬಂದಾಗ ದನಿ ಇದ್ದಕ್ಕಿದ್ದಂತೆ ಬಿಚ್ಚಿಕೊಳ್ಳುತ್ತದೆ. ಅದಾದ ಮೇಲೆಯೇ ಮುಂದಿನ ತಂತಿ. ಕಣ್ಣೆದುರು ಇಷ್ಟು ವರ್ಷ ನಡೆದದ್ದು ಬಾಸ್ ಹಿಡಿದಾಗ ನೆನಪಿಗೆ ಬಂದೇ ಇರಲಿಲ್ಲ.

ಸರಿ, ಒಂದೇ ತಂತಿಯಲ್ಲಿ ಎರಡು ಶ್ರುತಿ ಎಲ್ಲಿಂದ? ಅವರು ಕೆಳಗೆ ಹೋದ ಮೇಲೆ ಬಾಸನ್ನು ಲೈಟಿಗೆ ಹಿಡಿದು ನೋಡಿದೆ. ಪಿಕಪ್! ಹಬ್ಬದ ಸೀಸನ್‌ಗೆ ಮುಂಚೆ ಸೌಂಡ್ ಜಾಸ್ತಿ ಬರಲಿ ಅಂತ ನಾನೇ ಮೇಲೆತ್ತಿದ್ದೆ. ನನ್ನದು ಪ್ರಿಸಿಷನ್ ಮಾದರಿ. ಲಿಯೋ ಫೆಂಡರ್ 1951ರಲ್ಲಿ ತಂದ ಬಾಸ್ ಅದು. ಫ್ರೆಟ್ ಇರುವುದರಿಂದ ಸ್ವರ ನಿಖರವಾಗಿ ಬೀಳುತ್ತದೆ ಅಂತಲೇ ಆ ಹೆಸರು. 1957ರಿಂದ ಅದರ ಪಿಕಪ್ ಎರಡು ತುಂಡಾಯಿತು: ಇ‑ಎಗೆ ಒಂದು, ಡಿ‑ಜಿಗೆ ಒಂದು. ಕೊನೇ ಫ್ರೆಟ್ ಒತ್ತಿ ಅಳೆದರೆ ಇ ತಂತಿಗೂ ಅದರ ಕೆಳಗಿನ ಪೋಲ್ ಪೀಸ್‌ಗೂ ಎರಡೇ ಮಿಲಿಮೀಟರ್ ಸಂದು.

ಪೋಲ್ ಪೀಸ್ ಅಂದರೆ ಅಯಸ್ಕಾಂತ. ದಪ್ಪ ಉಕ್ಕಿನ ತಂತಿಯನ್ನು ಅದು ತನ್ನ ಕಡೆಗೆ ಎಳೆಯುತ್ತದೆ. ತಂತಿ ಮೇಲೆ ಕೆಳಗೆ ಅದುರುವಾಗ ಈ ಎಳೆತ ಜಾಸ್ತಿ ತಾಗುತ್ತದೆ, ಪಕ್ಕಕ್ಕೆ ಅದುರುವಾಗ ಅಷ್ಟು ತಾಗುವುದಿಲ್ಲ. ಹಾಗಾಗಿ ಎರಡು ಅದುರಾಟಕ್ಕೆ ಎರಡು ಶ್ರುತಿ. ಎರಡೂ ಒಂದೇ ತಂತಿಯಲ್ಲಿ ನಡೆಯುವುದರಿಂದ ಅವುಗಳ ನಡುವೆ ಅಲೆ. ಗಿಯರ್ ತಿರುಗಿಸಿದರೆ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಅಲೆ ಹೋಗುವುದೆಲ್ಲಿಂದ? ಇ ತಂತಿಯೇ ಎಲ್ಲಕ್ಕಿಂತ ದಪ್ಪ, ಅದಕ್ಕೇ ಅದೊಂದೇ ಹಟ ಹಿಡಿದಿತ್ತು.

ಸ್ಕ್ರೂಡ್ರೈವರ್ ತಗೊಂಡೆ. ಇ‑ಎ ತುಂಡಿನ ಎರಡು ಸ್ಕ್ರೂಗಳನ್ನು ಒಂದೊಂದು ಸುತ್ತು ಇಳಿಸಿದೆ, ಮತ್ತೆ ಶ್ರುತಿ ಮಾಡಿದೆ, ಕೇಳಿದೆ. ಎರಡು ಸೆಕೆಂಡಿಗೊಂದು ಅಲೆ. ಇನ್ನೊಂದು ಸುತ್ತು. ನಾಲ್ಕು ಸೆಕೆಂಡಿಗೊಂದು. ಸಂದು ನಾಲ್ಕು ಮಿಲಿಮೀಟರ್ ಆದಾಗ ಇ ಮೀಟಿದೆ. ದನಿ ನೇರವಾಗಿ ಹೊರಟು, ನೇರವಾಗಿಯೇ ಕರಗಿತು. ರಾತ್ರಿ ಹನ್ನೊಂದೂವರೆ. ಕೂಗಿಕೊಳ್ಳುವಷ್ಟು ಖುಷಿ, ಮನೆಯವರೆಲ್ಲ ಮಲಗಿದ್ದರು. ಡಿ‑ಜಿ ತುಂಡನ್ನೂ ಸ್ವಲ್ಪ ಇಳಿಸಿ ಸೌಂಡ್ ಸಮ ಮಾಡಿದೆ, ಆಂಪ್ ಎರಡು ಗೆರೆ ಏರಿಸಿದೆ. ಆಮೇಲೆ ಇ‑ಎ ಹಾರ್ಮೋನಿಕ್ ಜೋಡಿ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು.

ನಿಂತ ಮೇಲೂ ಒಂದು ಕೆಲಸ ಇದೆ. ಅಲೆ ಪೂರ್ತಿ ನಿಂತರೆ ಅದು ಶುದ್ಧವಾದ ಜೋಡಿ, ಕೀಬೋರ್ಡಿನ ಜೋಡಿ ಅಲ್ಲ. ಕೀಬೋರ್ಡಿನಲ್ಲಿ ಹನ್ನೆರಡು ಸ್ವರಗಳ ನಡುವಿನ ಅಂತರವನ್ನು ಸಮನಾಗಿ ಹಂಚಿರುತ್ತಾರೆ, ಅದಕ್ಕೇ ಜೋಡಿಗಳು ಶುದ್ಧದಿಂದ ಎಳೆಯಷ್ಟು ಸರಿದಿರುತ್ತವೆ. ಕೀಬೋರ್ಡಿಗೆ ಹೊಂದಬೇಕಾದರೆ ಇ ತಂತಿಯನ್ನು ಒಂದು ಎಳೆ ಇಳಿಸಬೇಕು, ಐದು ಸೆಕೆಂಡಿಗೆ ಒಂದು ಅಲೆ ಬರುವಷ್ಟು. ಡಿ ಒಂದು ಎಳೆ ಮೇಲೆ, ನಾಲ್ಕು ಸೆಕೆಂಡಿಗೊಂದು. ಜಿ ಕೂಡ ಮೇಲೆ, ಮೂರು ಸೆಕೆಂಡಿಗೊಂದು. ಬಿಟ್ಟುಬಿಟ್ಟರೆ ಇ ಇಂದ ಜಿ ತಲುಪುವಷ್ಟರಲ್ಲಿ ಆರು ಸೆಂಟ್ ಜಾರಿರುತ್ತದೆ. ಸ್ಟೇಜಿನಲ್ಲಿ ಅಷ್ಟು ನಡೆಯುತ್ತದೆ ಅನ್ನುವವರೂ ಇದ್ದಾರೆ. ನನಗೆ ನಡೆಯುವುದಿಲ್ಲ. ಇಷ್ಟು ಕಷ್ಟಪಟ್ಟ ಮೇಲೆ ಆ ಆರೂ ಬೇಕು.

ಮರೆಯುವ ಮೊದಲು ಇನ್ನೊಂದು. ಅಟ್ಟದ ಮೇಲೆ ನನ್ನ ಮೊದಲ ಬಾಸಿನ ನೆಕ್ ಇದೆ, ಬೀಟೆ ಮರದ ಫ್ರೆಟ್‌ಬೋರ್ಡ್. ಅದರ ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡುವ ಆಸೆ ಎರಡು ವರ್ಷದ್ದು. ಸೋಲ್ಡರಿಂಗ್ ಐರನ್‌ನಿಂದ ಫ್ರೆಟ್ ಬಿಸಿ ಮಾಡಿ ನಿಧಾನವಾಗಿ ಎತ್ತಿದರೆ ಮರ ಸಿಡಿಯುವುದು ಕಮ್ಮಿ. ಸಂದಿಗೆ ತುಂಬಲು ತಿಳಿ ಬಣ್ಣದ ವೆನಿಯರ್ ಪಟ್ಟಿ ಬೇಕು. ಗೆರೆ ಕಂಡರೆ ಕಣ್ಣಿಗೆ ಆಸರೆ. ಇಷ್ಟು ದಿನ ಕಿವಿ ಸಾಲದು ಅಂತ ಮುಂದೂಡಿದ್ದೆ. ಈಗ ಧೈರ್ಯ ಬಂದಿದೆ. ವೆನಿಯರ್ ಎಲ್ಲಿ ಸಣ್ಣ ಅಳತೆಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ತಿಳಿಸಿ. ಕೇಳಿದ ಕಡೆಯೆಲ್ಲ ಇಡೀ ಹಾಳೆ ತಗೊಳ್ಳಿ ಅನ್ನುತ್ತಾರೆ.

ಇವತ್ತು ಬೆಳಿಗ್ಗೆ ಬಾಸ್ ಮತ್ತು ಚಿಕ್ಕ ಆಂಪ್ ಎತ್ತಿಕೊಂಡು ಕೆಳಗೆ ಹೋದೆ. ದೊಡ್ಡಮ್ಮನ ತಂಬೂರಿ ಐದು ಮನೆ ಶ್ರುತಿಯದು, ಅಂದರೆ ಜಿ. ಅದರ ಮಂದ್ರ ಷಡ್ಜವೂ ನನ್ನ ಖಾಲಿ ಜಿ ತಂತಿಯೂ ಒಂದೇ ಜಾಗ, 98 ಹರ್ಟ್ಜ್ ಹತ್ತಿರ. ಡಿ‑ಜಿ ಜೋಡಿ ಕೇಳಿಸಿದೆ.

"ಇನ್ನೂ ಕದಲ್ತಾ ಇದೆಯಲ್ಲ."

"ಅದು ಬೇಕು ಅಂತಲೇ ಬಿಟ್ಟಿದ್ದು ದೊಡ್ಡಮ್ಮ. ಕೀಬೋರ್ಡಿಗೆ ಹೊಂದಲಿ ಅಂತ."

"ಇಲ್ಲೆಲ್ಲಿದೆ ಕೀಬೋರ್ಡು? ಪೂರ್ತಿ ಸೇರಿಸು."

ಜಿ ಒಂದು ಎಳೆ ಇಳಿಸಿದೆ, ಅಲೆ ನಿಂತಿತು. ಅವರು ಮಂದ್ರ ಮೀಟಿದರು, ನಾನು ಜಿ ಮೀಟಿದೆ. ಎರಡರ ನಡುವೆ ತುಂಬಾ ನಿಧಾನದ ಒಂದು ಅಲೆ. ನಾನು ಗಿಯರಿಗೆ ಕೈ ಹಾಕುವಷ್ಟರಲ್ಲಿ ಅವರು "ಇರು" ಅಂದು, ಶ್ರುತಿಯನ್ನು ಎಳೆಯಷ್ಟು ಸರಿಪಡಿಸಲು ತಂಬೂರಿಯ ತಂತಿಗೆ ಪೋಣಿಸಿರುವ ಮಣಿಯನ್ನು ಅಕ್ಕಿಕಾಳಿನಷ್ಟು ಕೆಳಕ್ಕೆ ಸರಿಸಿದರು. ಮತ್ತೆ ಮೀಟಿದೆವು.