ಅರ್ಧ ಬಿಚ್ಚಿದ ಜೀಪಿಗೆ ಎಷ್ಟು ಕೊಡಬಹುದು?

ಇವತ್ತು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ತೋಟದಲ್ಲಿ ಹಳೇ ವಿಲ್ಲೀಸ್ ಜೀಪ್ ನೋಡಿ ಬಂದೆ. ಸಿಜೆ-3ಬಿ ಮಾಡೆಲ್. ಒಳಗಿನ ಹರಿಕೇನ್ ಇಂಜಿನ್ ಎತ್ತರ ಅಂತಲೇ ಬಾನೆಟ್ಟೂ ಎತ್ತರ ಇರುತ್ತಲ್ಲ, ಅದು.

ಬಾಡಿ ಮೇಲೆ ಹೊಸ ಹಸಿರು ಪೇಂಟ್, ಮಿಂಚ್ತಾ ಇದೆ. ಇಂಜಿನ್ ಮಾತ್ರ ಹಳೇ ಟೈರಿನ ಮೇಲೆ ಕೂತಿದೆ. ನಟ್ಟು ಬೋಲ್ಟೆಲ್ಲ ಬಿಸ್ಕತ್ ಡಬ್ಬಿಯಲ್ಲಿ. ಯಾವುದು ಎಲ್ಲಿಗೆ ಅಂತ ಬಿಚ್ಚಿದ ಮೆಕ್ಯಾನಿಕ್‌ಗೇ ಗೊತ್ತು, ಆತ ಈಗ ದುಬೈನಲ್ಲಿದ್ದಾನಂತೆ!

"ಇದಕ್ಕೆ ಎಷ್ಟು ಸುರಿದಿದ್ದೀನಿ ಗೊತ್ತಾ ನಿಂಗೆ?" ಅಂತ ಜೀಪಿನ ಓನರ್ ಅಣ್ಣ ಬಿಲ್ಲಿನ ಕಟ್ಟೇ ತೆಗೆದ್ರು.

ಪಾಪ ಅನ್ನಿಸ್ತು. ಆದ್ರೆ ಅವರು ಸುರಿದದ್ದಕ್ಕೂ ನಾನು ಕೊಡೋದಕ್ಕೂ ಏನು ಸಂಬಂಧ? ಓಡೋ ಜೀಪಿಗೆ ಇಲ್ಲಿ ಏನು ರೇಟಿದೆಯೋ ಅದರಲ್ಲಿ ಬಾಕಿ ಕೆಲಸದ ಖರ್ಚು ಕಳೀಬೇಕು. ಕೈ ಹಾಕಿದ ಮೇಲಷ್ಟೇ ಕಾಣೋ ಕೆಲಸಕ್ಕೆ ಇನ್ನೊಂದಿಷ್ಟು.

ಪೇಂಟ್ ಬಿಟ್ಟು ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಿಂದ ಚಾಸಿಸ್ ಕುಟ್ಟಿದೆ. ಹಿಂದಿನ ಸ್ಪ್ರಿಂಗ್ ಹತ್ರ ಟಣ್ ಅನ್ನೋ ಬದಲು ಪಚ್ ಅಂತು. ತುಕ್ಕು ಚಕ್ಕೆ ಚಕ್ಕೆಯಾಗಿ ಮುಖದ ಮೇಲೆ. ಕೊಡಗಿನ ಮಳೆ ಯಾರನ್ನ ಬಿಟ್ಟಿದೆ ಹೇಳಿ.

ಆರ್‌ಸಿ ಇನ್ನೂ ತೀರಿಹೋದ ಅವರಪ್ಪನ ಹೆಸರಲ್ಲೇ ಇದೆ. ನನ್ನ ಲೆಕ್ಕದಲ್ಲಿ ಬೆಲೆ ಇಳಿಯೋದು ತುಕ್ಕಿಗಿಂತ ಇದಕ್ಕೇ ಜಾಸ್ತಿ. ತುಕ್ಕಿಗೆ ವೆಲ್ಡಿಂಗ್ ಆದರೂ ಇದೆ.

ರೇಟ್ ಹೇಳಿದೆ. ಅಣ್ಣ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ, ಕಾಫಿ ಕೊಟ್ರು. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ, ಆಮೇಲೆ ರೇಟಲ್ಲಿ ಸ್ವಲ್ಪ ಮೇಲೆ ಹೋಗೋಣ ಅಂದು ಬಂದಿದ್ದೀನಿ.

ಕುಶಾಲನಗರ ಕಡೆ ಹರಿಕೇನ್ ಇಂಜಿನ್ ಕೂರಿಸೋ ಹಳೇ ಮೆಕ್ಯಾನಿಕ್ ಯಾರಾದ್ರೂ ಗೊತ್ತಾ?